ಡಾಕ್ಟರ ಎರಡನೆಯ ಬೆರಳು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಗದ್ಯ ಎಷ್ಟೇ ಉದ್ದ ಇರಲಿ, ಪದ್ಯ ಎಷ್ಟೇ ತೊಡಕಿನದ್ದಾಗಲಿ, ಮಕ್ಕಳಿಗೆ ಹೇಳ್ತಿದ್ದದ್ದು ಒಂದೇ ಮಾತು: ಸಾರಾಂಶ ಹಿಡಿಯಿರಿ, ಉಳಿದದ್ದು ಬಿಡಿ. ಯಾರಾದರೂ ಎರಡು ಪುಟ ಬರೆದು ತಂದರೆ ಕೆಂಪು ಪೆನ್ನಿನಲ್ಲಿ ಪರಪರ ಗೀಚಿ ನಾಲ್ಕು ಸಾಲಿಗೆ ಇಳಿಸಿ ವಾಪಸ್ ಕೊಡ್ತಿದ್ದೆ. ಆ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವೇ ಇತ್ತು ಅಂತ ಇಟ್ಟುಕೊಳ್ಳಿ. ಈ ಚಟ ಕ್ಲಾಸಿನೊಳಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವೇ ಬರ್ತಿರಲಿಲ್ಲ.

ಮನೆ ಮೂಡುಬಿದಿರೆಯಲ್ಲಿ, ಶಾಲೆ ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಒಂದು ಗಂಟೆ ಬಸ್ಸು, ಸಂಜೆ ಒಂದು ಗಂಟೆ ಬಸ್ಸು. ನಮ್ಮ ಓಣಿಯಲ್ಲಿ ಇಂಗ್ಲಿಷ್ ಬರುವ ಹೆಂಗಸು ಅಂದರೆ ಆಗ ನಾನೊಬ್ಬಳೇ. ಹಾಗಾಗಿ ಬ್ಯಾಂಕಿನ ಫಾರ್ಮು ತುಂಬಿಸಲಿಕ್ಕೆ ನಾನು, ಗಲ್ಫಿನಿಂದ ಬಂದ ಕಾಗದಪತ್ರ ಓದಲಿಕ್ಕೆ ನಾನು, ಮಂಗಳೂರಿನ ದೊಡ್ಡ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೂ ನಾನು. "ಟೀಚರೊಟ್ಟಿಗೆ ಹೋದ್ರೆ ಡಾಕ್ಟ್ರು ಸರಿಯಾಗಿ ಮಾತಾಡ್ತಾರೆ" ಅಂತ ಹೇಳಿ ಹೇಳಿ ನನ್ನನ್ನು ಉಬ್ಬಿಸಿ ಇಟ್ಟಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನಗೆ ಬಿಡುವು ಅಂತ ಒಂದು ಇರಲಿಲ್ಲ. ಬೈಕೊಂಡು ಹೋಗ್ತಿದ್ದೆ, ಆದರೆ ಯಾರಾದರೂ ಕರೆಯದೆ ಹೋದರೆ ಅದಕ್ಕೂ ಸಿಟ್ಟು ಬರ್ತಿತ್ತು. ಸತ್ಯ ಹೇಳ್ತೇನೆ, ಅಷ್ಟೇ.

ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆ ಒಬ್ಬಳು ಬ್ಲೌಸ್ ಹೊಲಿಯುವವಳು ಇದ್ದಳು. ನನಗಿಂತ ಎರಡು ಮೂರು ವರ್ಷಕ್ಕೆ ಸಣ್ಣವಳು. ಎಲ್ಲರೂ ಟೈಲರಕ್ಕ ಅಂತಲೇ ಕರೆಯುವುದು, ನಾನೂ ಇಲ್ಲಿ ಹಾಗೇ ಹೇಳ್ತೇನೆ. ಮದುವೆ ಆಗಿರಲಿಲ್ಲ. ಅಣ್ಣನ ಸಂಸಾರದೊಟ್ಟಿಗೆ ಇದ್ದು, ಮನೆಯ ಎದುರಿನ ಚಾವಡಿಯಲ್ಲೇ ಮಿಷನು ಹಾಕಿಕೊಂಡಿದ್ದಳು. ಒಂದು ನಿಲುವುಗನ್ನಡಿ, ಗೋಡೆಗೆ ಅಡ್ಡ ಕಟ್ಟಿದ ಪರದೆ, ಕೊರಳಿಗೆ ಅಳತೆಯ ಟೇಪು. ಅವಳ ಕಣ್ಣು ಎಷ್ಟು ಚುರುಕು ಅಂದರೆ, ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಸಾಕು, "ಟೀಚರೇ, ಈ ಸಲ ಅರ್ಧ ಇಂಚು ಬಿಡ್ತೇನೆ, ಬೇಜಾರು ಮಾಡ್ಬೇಡಿ" ಅನ್ನುವುದು. ನಾನು ಬೊಬ್ಬೆ ಹೊಡೆಯುವುದು, ಅವಳು ನಗುವುದು. ಹೊಲಿದು ಕೊಟ್ಟ ಮೇಲೆ ನೋಡಿದರೆ ಅವಳ ಅರ್ಧ ಇಂಚೇ ಸರಿ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಬಸ್ಸಿನಿಂದ ಇಳಿದು ಬರುವಾಗ ಅವಳು ನನ್ನನ್ನು ಪರದೆಯ ಹಿಂದೆ ಕರೆದಳು. ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲೆ ಇಟ್ಟಳು. ಅಡಿಕೆಯಷ್ಟು ಗಟ್ಟಿ ಗಂಟು. "ಎಷ್ಟು ದಿನ ಆಯ್ತು ಮಾರಾಯ್ತಿ?" ಅಂದೆ. "ನನ್ನದೇ ಬ್ಲೌಸಿಗೆ ಎದೆಯ ಟಕ್ಸ್ ಹಿಡಿಯುವಾಗ ಗೊತ್ತಾದದ್ದು, ಒಂದು ತಿಂಗಳಾಯ್ತು. ನೋಯುವುದಿಲ್ಲ" ಅಂದಳು. ಅವಳನ್ನು ಗದರಿಸಿದೆ, ಅವಳ ಅಣ್ಣನನ್ನು ಗದರಿಸಿದೆ, ಅದೇ ವಾರ ಮಂಗಳೂರಿಗೆ ಎಳಕೊಂಡು ಹೋದೆ. ಸೂಜಿ ಹಾಕಿ ನೋಡಿದರು. ಕ್ಯಾನ್ಸರು.

ಮುಂದಿನ ಸಲ ಡಾಕ್ಟರು ಎಲ್ಲ ವಿವರ ಹೇಳಲಿಕ್ಕೆ ಕರೆದಾಗ ಒಳಗೆ ಹೋದವರು ಮೂರು ಜನ: ಅವಳು, ಅವಳ ಅಣ್ಣ, ನಾನು. ಅಣ್ಣ ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ್. ಯಾವ ಬಸ್ಸು ಎಷ್ಟು ಗಂಟೆಗೆ, ಯಾವುದರಲ್ಲಿ ಸೀಟು ಉಂಟು, ಯಾವುದು ಕೈಕಂಬದಲ್ಲಿ ಕಾದು ನಿಲ್ತದೆ, ಎಲ್ಲ ಅವನಿಗೆ ಬಾಯಿಪಾಠ. ಒಳ್ಳೆಯ ಮನುಷ್ಯ, ತಂಗಿಯೆಂದರೆ ಜೀವ. ಅವತ್ತು ಮಾತ್ರ ಡಾಕ್ಟರ ಮೇಜಿನ ಎದುರು ಬೆವತು ಹೋಗಿ, ಬಾಯಿ ಬಿಡದೆ ನಿಂತಿದ್ದ.

ಡಾಕ್ಟರು ವಯಸ್ಸಾದವರು, ದೂರದ ಉತ್ತರದ ಕಡೆಯವರು. ತುಳು ಬಾರದು, ಕನ್ನಡ "ಊಟ ಆಯ್ತಾ" ಅನ್ನುವಷ್ಟಕ್ಕೆ ಸರಿ. ಇಂಗ್ಲಿಷಿನಲ್ಲಿ ಹೇಳಿದರು, ಆದರೆ ನಿಧಾನವಾಗಿ ಹೇಳಿದರು. ಅವರ ಮೇಲೆ ತಪ್ಪು ಹಾಕಲಿಕ್ಕೆ ನನಗೆ ಬಾಯಿಲ್ಲ. ಒಂದು ಬೆರಳು ಎತ್ತಿದರು: ಇಡೀ ಮೊಲೆ ತೆಗೆಯುವುದು, ಹಾಗೆ ಮಾಡಿದರೆ ಇವಳ ಮಟ್ಟಿಗೆ ಆಮೇಲೆ ರೇಡಿಯೇಶನ್ ಬಹುಶಃ ಬೇಕಾಗಲಿಕ್ಕಿಲ್ಲ. ಎರಡನೆಯ ಬೆರಳು ಎತ್ತಿದರು: ಗಂಟು ಮತ್ತು ಅದರ ಸುತ್ತಿನ ಸ್ವಲ್ಪ ಮಾತ್ರ ತೆಗೆಯುವುದು, ಮೊಲೆ ಉಳಿಯುತ್ತದೆ, ಆದರೆ ಆಮೇಲೆ ಐದಾರು ವಾರ ರೇಡಿಯೇಶನ್ ಆಗಲೇಬೇಕು, ವಾರಕ್ಕೆ ಐದು ದಿನ, ಪ್ರತಿ ದಿನವೂ ಇಲ್ಲಿಗೇ ಬರಬೇಕು. ಎರಡರಲ್ಲೂ ಕಂಕುಳಿನ ಗ್ರಂಥಿಗಳನ್ನು ತೆಗೆಯಲಿಕ್ಕುಂಟು. ಬದುಕುವ ಮಾತಿಗೆ ಬಂದರೆ ಇವಳಿಗೆ ಎರಡೂ ಒಂದೇ. ಹಾಗಾಗಿ ಇದು ಡಾಕ್ಟರಾಗಿ ನಾನು ಹೇಳುವುದಲ್ಲ, ಅವಳು ಹೇಳುವುದು. ಹೊರಗೆ ಕೂತು ಮಾತಾಡಿ, ಅವಳಿಗೆ ಏನು ಬೇಕು ಅಂತ ಕೇಳಿ ಬನ್ನಿ ಅಂದರು.

ರೇಡಿಯೇಶನ್ ಅಂದರೆ ನಮ್ಮ ಕಡೆ ಜನ ಕರೆಂಟ್ ಕೊಡುವುದು ಅಂತಲೇ ಹೇಳುವುದು. ಆ ಹೆಸರಿಗೇ ಅರ್ಧ ಜೀವ ಹೋಗ್ತದೆ.

ಹೊರಗೆ ಅವಳನ್ನು ಬೆಂಚಿನ ಮೇಲೆ ಕೂರಿಸಿದೆವು. ನಾನೂ ಅಣ್ಣನೂ ಕುಡಿಯುವ ನೀರಿನ ಟ್ಯಾಂಕಿಯ ಹತ್ತಿರ ಹೋಗಿ ನಿಂತೆವು. ಅವಳಿಂದ ಹತ್ತು ಹೆಜ್ಜೆ ದೂರ. ನಮ್ಮಲ್ಲಿ ಅದು ಕ್ರಮ. ರೋಗಿಯನ್ನು ಕೂರಿಸುವುದು, ಉಳಿದವರು ಸ್ವಲ್ಪ ಆಚೆ ಹೋಗಿ ತೀರ್ಮಾನ ಮಾಡುವುದು. ರೋಗಿಗೆ ಮಂಡೆಬಿಸಿ ಕೊಡಬಾರದಲ್ಲ!

"ಕರೆಂಟೆಲ್ಲ ಬೇಡ ಟೀಚರೇ" ಅಂದ ಅಣ್ಣ. "ದಿನಾ ಬಸ್ಸಿನಲ್ಲಿ ಇಲ್ಲಿಗೆ ಬಂದು ಹೋಗುವುದು ಅಂದ್ರೆ ಅವಳಿಂದ ಆಗ್ಲಿಕ್ಕಿಲ್ಲ."

"ಹೌದು, ಆಗ್ಲಿಕ್ಕಿಲ್ಲ" ಅಂದೆ ನಾನು.

ಯಾರು ಹೇಳಿದ್ದು ನೋಡಿ! ದಿನಾ ಎರಡು ಗಂಟೆ ಬಸ್ಸಿನಲ್ಲಿ ಕುಲುಕಿಕೊಂಡು ಹೋಗಿ ಬಂದು, ಮತ್ತೆ ಅಡುಗೆ ಮಾಡುವ ನಾನು ಹೇಳಿದ್ದು. ಮಂಗಳೂರಿಗೆ ಹೋಗುವ ಎಲ್ಲ ಬಸ್ಸಿನಲ್ಲೂ ಎದುರಿನ ಸೀಟು ಇಟ್ಟು ಕೊಡಬಲ್ಲ ಏಜೆಂಟನಿಗೆ ಹೇಳಿದ್ದು. ಅಷ್ಟರಲ್ಲಿ ನಿಲ್ಲಲೂ ಇಲ್ಲ ನಾನು. ಇನ್ನೊಂದು ಮಾತು ಹೇಳಿದೆ. ಅದನ್ನು ಬರೆಯಲಿಕ್ಕೆ ಈಗಲೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಮದುವೆ ಇಲ್ಲ, ಮಕ್ಕಳಿಲ್ಲ. ಇನ್ನು ಅದು ಇದ್ದು ಅವಳಿಗೆ ಆಗಬೇಕಾದ್ದು ಎಂತ?" ಅಂದೆ. ಹೆಂಗಸು ನಾನು. ನಾನು ಹೇಳಿದ್ದು ಅದು. ಅಣ್ಣ ತಲೆ ತಗ್ಗಿಸಿದ.

ಬೆಂಚಿನ ಹತ್ತಿರ ಬಂದು ಅವಳಿಗೆ ಸಾರಾಂಶ ಹೇಳಿದೆ. ಡಾಕ್ಟರು ಹದಿನೈದು ನಿಮಿಷ ಹೇಳಿದ್ದನ್ನು ಮೂರು ವಾಕ್ಯದಲ್ಲಿ ಹೇಳಿದೆ. "ಗಂಟು ಕೆಟ್ಟದ್ದು. ಆ ಕಡೆಯದ್ದು ಪೂರ್ತಿ ತೆಗೀಬೇಕಂತೆ. ತೆಗೆದರೆ ಮತ್ತೆ ಕರೆಂಟ್ ಗಿರೆಂಟ್ ಎಂತದೂ ಇಲ್ಲ, ಆರಾಮ."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಇನ್ನೂ ಏನೋ ಬಾಕಿ ಉಂಟು, ಅದನ್ನೂ ಹೇಳ್ತಾರೆ ಅಂತ ಕಾಯುವವರ ಹಾಗೆ. ಆಮೇಲೆ "ಅಷ್ಟೇಯಾ?" ಅಂದಳು. "ಅಷ್ಟೇ" ಅಂದೆ. "ಆಯ್ತು ಟೀಚರೇ" ಅಂದಳು. ಒಳಗೆ ಹೋಗಿ ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಅವಳಿಗೆ ಪೂರ್ತಿ ತೆಗೆಸುವುದೇ ಬೇಕಂತೆ ಅಂದೆ. ಡಾಕ್ಟರು ಅವಳ ಕಡೆ ತಿರುಗಿ, ಹೌದಾ ಅನ್ನುವ ಹಾಗೆ ಹುಬ್ಬು ಎತ್ತಿದರು. ಅವಳು ತಲೆ ಆಡಿಸಿದಳು. ಕಾಗದಕ್ಕೆ ಅಣ್ಣ ಒಂದು ಸಹಿ ಹಾಕಿದ, ಅವಳು ಒಂದು ಹಾಕಿದಳು, ಸಾಕ್ಷಿಗೆ ನಾನು ಒಂದು ಹಾಕಿದೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಎರಡು ತಿಂಗಳಲ್ಲಿ ಮಿಷನಿನ ಸದ್ದು ಮತ್ತೆ ಕೇಳಲಿಕ್ಕೆ ಶುರುವಾಯಿತು. ನಾನು ಗೆದ್ದವಳ ಹಾಗೆ ತಿರುಗಾಡಿದೆ. ಒಂದು ದಿನ ಅವಳು, ಆ ಕಡೆ ಬ್ಲೌಸಿನೊಳಗೆ ಇಡಲಿಕ್ಕೆ ಹೊಲಿದ ಲೈನಿಂಗ್ ಬಟ್ಟೆಯ ಒಂದು ಸಣ್ಣ ದುಂಡು ಚೀಲ ತೋರಿಸಿದಳು. "ಹತ್ತಿ ಮಾತ್ರ ತುಂಬಿಸಿದ್ರೆ ಮೇಲೆ ಬರ್ತದೆ ಟೀಚರೇ, ಭಾರ ಸಾಲುದಿಲ್ಲ. ಹಾಗೆ ಸ್ವಲ್ಪ ಸಾಸಿವೆ ಹಾಕಿದೆ. ಅಳತೆ ಸರಿ ಉಂಟಾ ನೋಡಿ" ಅಂತ ನಕ್ಕಳು. ನಾನೂ ಹೊಟ್ಟೆ ಹಿಡಿದು ನಕ್ಕೆ. ಎಷ್ಟು ಗಟ್ಟಿ ಹೆಂಗಸಪ್ಪಾ ಅಂದುಕೊಂಡೆ. ನಿಲುವುಗನ್ನಡಿಗೆ ಒಂದು ಹಳೆಯ ಲುಂಗಿ ಹೊದೆಸಿದ್ದಳು. ಯಾಕೆ ಅಂದರೆ, ಧೂಳು ಅಂದಳು. ಬ್ಲೌಸ್ ಹಾಕಿ ನೋಡುವವರು ಬಂದರೆ ತೆಗೆಯುವುದು, ಅವರು ಹೋದ ಕೂಡಲೇ ಮುಚ್ಚುವುದು. ಧೂಳು ಅಂದಳಲ್ಲ, ನಾನೂ ಧೂಳು ಅಂತಲೇ ನಂಬಿದೆ. ಮೂವತ್ತು ವರ್ಷ ಪದ್ಯದ ಭಾವಾರ್ಥ ಹೇಳಿ ಕೊಟ್ಟವಳ ಬುದ್ಧಿ ಇಷ್ಟು.

ಏಳು ವರ್ಷ ಕಳೆಯಿತು. ಒಂದು ಭಾನುವಾರ ಸ್ನಾನ ಮಾಡುವಾಗ ನನ್ನ ಕೈಗೇ ಒಂದು ಗಂಟು ಸಿಕ್ಕಿತು.

ಮೊದಲು ನಂಬಲಿಲ್ಲ. ಸೋಪು ಅಂದುಕೊಂಡೆ. ನೀರು ಹೊಯ್ದು ಮತ್ತೆ ನೋಡಿದೆ. ಉಂಟು. ಬಚ್ಚಲಿನ ಒದ್ದೆ ಕಲ್ಲಿನ ಮೇಲೇ ಕೂತುಬಿಟ್ಟೆ. ನನಗಾ? ನನಗೆ ಯಾಕೆ? ಊರಿನವರನ್ನೆಲ್ಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು, ನನ್ನನ್ನು ಯಾರು ಕರೆದುಕೊಂಡು ಹೋಗುವುದು? ಹೀಗೆಲ್ಲ ತಲೆಬುಡ ಇಲ್ಲದ ಯೋಚನೆ. ಸೀರೆ ಸುತ್ತಿಕೊಂಡು ಸೀದಾ ಟೈಲರಕ್ಕನ ಪರದೆಯ ಹಿಂದೆ ಹೋಗಿ, ಅವಳು ಅವತ್ತು ಮಾಡಿದ ಹಾಗೆಯೇ ಅವಳ ಕೈ ಹಿಡಿದು ಇಟ್ಟೆ. ಅವಳು ಕತ್ತರಿ ಕೆಳಗಿಟ್ಟು, "ನಾಳೆ ಬೆಳಿಗ್ಗೆಯೇ ಹೋಗುವ" ಅಂದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ ಎದುರು ಕೂತವರು ನಾನು, ನನ್ನ ಗಂಡ, ಟೈಲರಕ್ಕ. ಆಸ್ಪತ್ರೆ ಅದೇ. ಡಾಕ್ಟರು ಮಾತ್ರ ಹೊಸಬರು, ನಮ್ಮ ಕಡೆಯ ಹುಡುಗಿಯೇ. ನಾವು ಬಾಯಿ ತೆರೆಯುವ ಮೊದಲೇ ತುಳುವಿನಲ್ಲಿ ಮಾತು ಶುರು ಮಾಡಿದಳು. ಒಂದು ಬೆರಳು ಎತ್ತಿದಳು. ಎರಡನೆಯ ಬೆರಳು ಎತ್ತಿದಳು. ಅದೇ ಎರಡು ಮಾತು, ಈ ಸಲ ತುಳುವಿನಲ್ಲಿ. ಪೂರ್ತಿ ತೆಗೆದರೆ ಹೀಗೆ. ಗಂಟು ಮಾತ್ರ ತೆಗೆದರೆ ಮತ್ತೆ ಕರೆಂಟ್ ಇಷ್ಟು ವಾರ, ಚರ್ಮ ಕಪ್ಪಾಗಬಹುದು, ಆಯಾಸ ಆಗಬಹುದು, ದಿನಾ ಬರಬೇಕು. ಎರಡರ ಒಳ್ಳೆಯದ್ದನ್ನೂ ಹೇಳಿದಳು, ಎರಡರ ಕಷ್ಟ-ಭಂಗವನ್ನೂ ಹೇಳಿದಳು. ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಕೂಡಾ ಕೊಟ್ಟಳು.

ನನ್ನ ಗಂಡ ಗಂಟಲು ಸರಿ ಮಾಡಿಕೊಂಡು, "ಪೂರ್ತಿ ತೆಗೀರಿ ಡಾಕ್ಟ್ರೇ. ಕರೆಂಟ್ ಗಿರೆಂಟ್ ಎಲ್ಲ ಅವಳಿಂದ ಆಗ್ಲಿಕ್ಕಿಲ್ಲ" ಅಂದರು.

ನನಗೆ ಮೈಯೆಲ್ಲ ಉರಿದು ಹೋಯಿತು. "ಅದು ನಿಮ್ಮದಾ? ನಿಮ್ಮದಾದರೆ ತೆಗೆಸಿಕೊಳ್ಳಿ!" ಅಂತ ಅಲ್ಲೇ ಜೋರು ಮಾಡಿದೆ. ಹೊರಗೆ ಕೂತವರಿಗೂ ಕೇಳಿರಬೇಕು. ಡಾಕ್ಟರು ನಗು ತಡೆದುಕೊಂಡು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಈರೆಗ್ ದಾದ ಬೋಡು?" ನಿಮಗೆ ಏನು ಬೇಕು?

ಆ ಪ್ರಶ್ನೆ ಮೊದಲೂ ಒಮ್ಮೆ ನನ್ನ ಕಿವಿಗೆ ಬಿದ್ದಿತ್ತು. ಇದೇ ಆಸ್ಪತ್ರೆಯಲ್ಲಿ, ಇಂಗ್ಲಿಷಿನಲ್ಲಿ. ಅದು ಯಾರಿಗೆ ಸೇರಬೇಕಿತ್ತೋ ಅವಳಿಗೆ ದಾಟಿಸದೆ ನಾನು ನುಂಗಿದ್ದೆ. ಅಲ್ಲ, ನುಂಗಿದ್ದು ಮಾತ್ರ ಅಲ್ಲ, ಉತ್ತರವನ್ನೂ ನಾನೇ ಕೊಟ್ಟಿದ್ದೆ. ಹಣ್ಣಾದ ಹೆಂಗಸು ನಾನು, ನನ್ನ ಗಂಡ ನನ್ನ ಪರವಾಗಿ ಒಂದು ವಾಕ್ಯ ಹೇಳಿದ್ದಕ್ಕೆ ಇಷ್ಟು ಹಾರಾಡಿದೆ. ಅವಳು? ಮೆಲ್ಲ ಓರೆಗಣ್ಣಿನಿಂದ ಅವಳನ್ನು ನೋಡಿದೆ. ಟೈಲರಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಡಾಕ್ಟರ ಬಲಗೈಯ ಮೇಲೆ ಇತ್ತು. ಅಳತೆ ತೆಗೆಯುವಾಗ ನೋಡುವ ಹಾಗೆ ನೋಡುತ್ತಿದ್ದಳು.

"ಯೋಚಿಸಿ ಹೇಳ್ತೇನೆ" ಅಂದೆ.

ವಾಪಸ್ ಬರುವಾಗ ನಾವಿಬ್ಬರು ಹೆಂಗಸರ ಸೀಟಿನಲ್ಲಿ, ಗಂಡ ಹಿಂದೆಲ್ಲೋ. ನಾನು ಕಿಟಕಿಯ ಕಂಬಿ ಹಿಡಿದು ಕೂತಿದ್ದೆ. ಹೇಗೆ ಶುರು ಮಾಡುವುದು ಅಂತ ತಿಳಿಯುತ್ತಿರಲಿಲ್ಲ. ಗುರುಪುರದ ಸೇತುವೆಯ ಹತ್ತಿರ ಅವಳೇ ಕೇಳಿದಳು, "ಆಗ್ಲೂ ಇದೇ ಇದ್ದದ್ದಲ್ವಾ ಟೀಚರೇ?"

"ಎಂತದು?" ಅಂದೆ. ಗೊತ್ತಿದ್ದೂ ಕೇಳಿದೆ, ಥೂ.

"ಆ ಹಳೇ ಡಾಕ್ಟ್ರು ಎರಡು ಬೆರಳು ಎತ್ತಿದ್ರು. ನಾನು ನೋಡಿದ್ದೆ. ನೀವು ಒಂದೇ ಹೇಳಿದ್ದು. ಎರಡನೆಯದ್ದು ಈಗ ಹೇಳ್ತೀರಿ, ಮತ್ತೆ ಹೇಳ್ತೀರಿ ಅಂತ ನಾನು ಕಾದೆ. ಆಮೇಲೆ, ಟೀಚರು ಹೇಳದಿದ್ರೆ ಅದು ನನಗೆ ಇರುವುದಲ್ಲ ಅಂತ ಸುಮ್ಮನಾದೆ."

ಬಸ್ಸಿನಲ್ಲಿ ಜನ, ಎದುರು ಕಂಡಕ್ಟರು ಟಿಕೆಟ್ ಹರಿಯುತ್ತಿದ್ದಾನೆ. ನನಗೆ ಬಸ್ಸು ನಿಂತ ಹಾಗೆ ಆಯಿತು. ಏಳು ವರ್ಷ! ಏಳು ವರ್ಷದಿಂದ ಅವಳು ಆ ಎರಡನೆಯ ಬೆರಳನ್ನು ಇಟ್ಟುಕೊಂಡಿದ್ದಾಳೆ. ಆ ಏಳು ವರ್ಷದಲ್ಲಿ ನನಗೆ ಎಷ್ಟು ಬ್ಲೌಸ್ ಹೊಲಿದಳು, ಎಷ್ಟು ಸಲ ನಮ್ಮ ಮನೆಯಲ್ಲಿ ಚಾ ಕುಡಿದಳು. ಒಂದು ದಿನವಾದರೂ ಕೇಳಬಾರದಾ? ಅವಳ ಮೇಲೆಯೇ ಸಿಟ್ಟು ಬಂತು ನನಗೆ, ಅಷ್ಟು ಕೆಟ್ಟ ಬುದ್ಧಿ. ಆಮೇಲೆ ಅಳು ಬಂತು. ಎಲ್ಲ ಹೇಳಿದೆ. ನೀರಿನ ಟ್ಯಾಂಕಿಯ ಹತ್ತಿರ ಏನು ಮಾತಾಡಿದೆವು ಅಂತ ಹೇಳಿದೆ. ಮದುವೆ ಇಲ್ಲ ಮಕ್ಕಳಿಲ್ಲ ಅಂದದ್ದನ್ನೂ ಬಿಡದೆ ಹೇಳಿದೆ. ಈ ಸಲ ಸಾರಾಂಶ ಮಾಡಲಿಲ್ಲ. ಅವಳು ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಸುತ್ತುತ್ತಾ, ಬಿಡಿಸುತ್ತಾ ಕೇಳಿದಳು.

"ನಿನ್ನಲ್ಲಿ ಕೇಳಿದ್ದರೆ ಎಂತ ಹೇಳ್ತಿದ್ದೆ?" ಅಂದೆ ಕೊನೆಗೆ. "ನಾನೂ ಪೂರ್ತಿ ತೆಗೆಸಿಯೇ ಬಿಡ್ತಿದ್ದೆ ಟೀಚರೇ, ಬಿಡಿ" ಅಂತ ಅವಳು ಹೇಳಿಯಾಳು ಅಂತ ನನ್ನ ಆಸೆ. ಆ ಒಂದು ಮಾತು ಸಿಕ್ಕಿದರೆ ನಾನು ಉಳಿದುಕೊಳ್ತಿದ್ದೆ.

"ಗೊತ್ತಿಲ್ಲ ಟೀಚರೇ" ಅಂದಳು. "ಕೇಳಿದ್ರೆ ಯೋಚಿಸ್ತಿದ್ದೆ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಮೂಡುಬಿದಿರೆಯಲ್ಲಿ ಇಳಿಯುವಾಗ ನನ್ನ ಚೀಲವನ್ನೂ ಅವಳೇ ಹಿಡಿದುಕೊಂಡಳು.

ಒಂದು ವಾರ ಆ ಕಾಗದವನ್ನು ಓದಿದೆ. ಗಂಡನೊಟ್ಟಿಗೆ ಜಗಳ ಮಾಡಿದೆ, ರಾಜಿಯಾದೆ. ಗಂಟು ಮಾತ್ರ ತೆಗೆಸುವುದು, ಕರೆಂಟ್ ಮಾಡಿಸಿಕೊಳ್ಳುವುದು ಅಂತ ಹೇಳಿದೆ. ಯಾಕೆ ಅಂತ ಕೇಳಿದರೆ ದೊಡ್ಡ ಕಾರಣ ಇಲ್ಲ. ನನಗೆ ಅದು ಬೇಕಿತ್ತು. ನನ್ನ ಮೈ, ಐವತ್ತು ದಾಟಿದ್ದಾದರೂ ನನ್ನದು. ಇಷ್ಟು ಸಣ್ಣ ಕಾರಣ ಸಾಲುತ್ತದೆ ಅಂತ ನನಗೆ ಆಗಲೇ ಗೊತ್ತಾದದ್ದು, ಅವಳಿಗೂ ಇಷ್ಟೇ ಸಾಲುತ್ತಿತ್ತು ಅಂತ ಕೂಡಾ.

ಕರೆಂಟಿಗೆ ಅಷ್ಟೂ ವಾರ ನನ್ನೊಟ್ಟಿಗೆ ಬಂದವಳು ಟೈಲರಕ್ಕ. ಬೇಡ ಅಂದೆ. "ನೋಡಬೇಕು ನನಗೆ" ಅಂದಳು. ಅವಳ ಅಣ್ಣ ದಿನಾ ಏಳೂವರೆಯ ಬಸ್ಸಿನಲ್ಲಿ ಎದುರಿನ ಎರಡು ಸೀಟಿಗೆ ಕರ್ಚೀಫು ಹಾಕಿ ಇಟ್ಟಿರುತ್ತಿದ್ದ. ನಮ್ಮನ್ನು ಹತ್ತಿಸುವಾಗ ಒಂದು ದಿನವೂ ನನ್ನ ಮುಖ ನೋಡಿದ್ದಿಲ್ಲ. ನನ್ನ ಮೈಮೇಲೆ ಎಲ್ಲಿ ಕಿರಣ ಬೀಳಬೇಕು ಅಂತ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು. ಒರೆಸಬಾರದು. ಅದನ್ನು ನೋಡಿ ಅವಳು, "ಕಟಿಂಗಿಗೆ ಮೊದಲು ನಾನು ಚಾಕಿನಲ್ಲಿ ಎಳೆಯುವ ಹಾಗೆಯೇ ಉಂಟು, ಮಾರ್ಕು ಸರಿ ಹಾಕಿದ್ದಾರೆ" ಅಂದಳು. ಚರ್ಮ ಕೆಂಪಾಗಿ, ಆಮೇಲೆ ಸುಟ್ಟ ಹಾಗೆ ಕಪ್ಪಾದಾಗ ಹಳೆಯ ಮೆತ್ತಗಿನ ಪಂಚೆಯಿಂದ ಒಂದು ಬ್ಲೌಸ್ ಹೊಲಿದಳು. ಆ ಕಡೆಯ ಕಂಕುಳಿನಲ್ಲಿ ಹೊಲಿಗೆಯೇ ತಾಗದ ಹಾಗೆ, ಎದುರಿಗೆ ಬರೀ ಲಾಡಿ. ಅಲ್ಲಿ ಬರುವ ಬೇರೆ ಹೆಂಗಸರು ಕೇಳಿ, ಅವರಿಗೂ ಹೊಲಿದು ಕೊಟ್ಟಳು. ಕಾಯುವ ಕೋಣೆಯಲ್ಲಿ ಊರಿನವರ ಬ್ಲೌಸುಗಳಿಗೆ ಹುಕ್ಸ್ ಹಾಕುತ್ತಾ ಕರೆಂಟ್ ಕೊಡುವ ಮಿಷನಿನವರ ಹತ್ತಿರ ಒಂದೊಂದೇ ಪ್ರಶ್ನೆ ಕೇಳುವಳು. ಉರಿಯುತ್ತದಾ, ಎಷ್ಟು ನಿಮಿಷ, ಒಳಗೆ ಒಬ್ಬರೇ ಮಲಗಬೇಕಾ. ದಿನಾ ಬಸ್ಸು, ದಿನಾ ಬಿಸಿಲು, ಅವಳಿಗೆ ಒಂದು ಚೂರು ಆಯಾಸ ಇಲ್ಲ. ಬಾಡಿ ಹೋಗುತ್ತಿದ್ದದ್ದು ನಾನು. ಅವಳಿಂದ ಆಗ್ಲಿಕ್ಕಿಲ್ಲ ಅಂತ ಹೇಳಿದ್ದೆವಲ್ಲ ನಾವು. ಪ್ರತಿ ದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಅದು ಮುಖಕ್ಕೆ ಹೊಡೆದ ಹಾಗೆ ಆಗ್ತಿತ್ತು.

ನಾನು ಗುಣವಾದ ಮೇಲೂ ಜನ ಕರೆಯುವುದು ನಿಲ್ಲಲಿಲ್ಲ. ಈಗ ಹೆಚ್ಚು ಕರೆಯುತ್ತಿದ್ದದ್ದು ಈ ಕಾಯಿಲೆಯವರೇ. ಹೋಗುವುದಾದರೆ ಟೈಲರಕ್ಕನೂ ಬರಬೇಕು ಅಂತ ನಾನೇ ಹೇಳಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡೆ. ಡಾಕ್ಟರು ಹೇಳಿದ್ದನ್ನೆಲ್ಲ ಬರೆದು, ರೋಗಿಯ ಪಕ್ಕದಲ್ಲೇ ಕೂತು, ರೋಗಿಯ ಮುಖ ನೋಡಿಯೇ ಹೇಳುವುದು. ಮನೆಯವರು ಆಚೆ ಕರೆದರೆ ಹೋಗುವುದಿಲ್ಲ. ಹೇಳುವುದಿದ್ದರೆ ಇಲ್ಲೇ ಹೇಳಿ ಅನ್ನುವುದು. ಕೆಲವರಿಗೆ ನನ್ನ ಮೇಲೆ ಕೋಪ ಬಂತು. ಬರಲಿ.

ಒಮ್ಮೆ ಕನ್ಯಾನದ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಬಂದರು. ಅವರ ಮಗ ಅಜ್ಜಿಮನೆಯಲ್ಲಿದ್ದುಕೊಂಡು ನನ್ನ ಶಾಲೆಯಲ್ಲಿ ಕಲಿತವನು, ಆಗ ಗಲ್ಫಿನಲ್ಲಿದ್ದ. "ಟೀಚರೇ, ಉಮ್ಮನೊಟ್ಟಿಗೆ ಒಮ್ಮೆ ಹೋಗ್ತೀರಾ" ಅಂತ ಫೋನು ಮಾಡಿದ್ದ. ಅವರು ತಮ್ಮನ ಜೊತೆ ವಿಟ್ಲ, ಬಿ.ಸಿ.ರೋಡ್ ಮೇಲಾಗಿ ಮಂಗಳೂರಿಗೆ ಬಂದರು, ನಾವು ಮೂಡುಬಿದಿರೆಯಿಂದ. ಅವರದ್ದು ಮನೆಯಲ್ಲಿ ಬ್ಯಾರಿ ಮಾತು, ನಮ್ಮೊಟ್ಟಿಗೆ ಚೊಕ್ಕ ತುಳು. ನಮ್ಮ ತುಳುವಿನ ಡಾಕ್ಟರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದಳು. ಅವಳ ಜಾಗಕ್ಕೆ ಬಂದವರದ್ದು ಮತ್ತೆ ಇಂಗ್ಲಿಷ್.

ಆ ಹೊಸ ಡಾಕ್ಟರು ಹೇಳಿದ್ದನ್ನು ಬರೆದುಕೊಂಡೆ. ಆಮೇಲೆ ಆ ಹೆಂಗಸಿನ ಎದುರು ಕೂತು ಒಂದು ಶಬ್ದ ಬಿಡದೆ ತುಳುವಿನಲ್ಲಿ ಹೇಳಿದೆ. ಪೂರ್ತಿ ತೆಗೆದರೆ ಹೀಗೆ, ಉಳಿಸಿಕೊಂಡರೆ ಹೀಗೆ, ಕರೆಂಟ್ ಇಷ್ಟು ದಿನ, ಚರ್ಮಕ್ಕೆ ಹೀಗಾಗಬಹುದು, ಎರಡೂ ಸಮ. ಅವರ ತಮ್ಮ ಮಧ್ಯದಲ್ಲಿ ಬಾಯಿ ಹಾಕಿ, "ಇಷ್ಟೆಲ್ಲ ಯಾಕೆ ಟೀಚರೇ, ಒಟ್ಟು ಎಂತ ಅಂತ ಹೇಳಿ, ಸಾಕು" ಅಂದ. "ಒಟ್ಟು ಹೇಳುವವಳು ನಾನಲ್ಲ" ಅಂತ ಅವನನ್ನು ಕೂರಿಸಿದೆ. ನನಗೆ ನನ್ನ ಮೇಲೆ ತುಂಬಾ ಮೆಚ್ಚುಗೆಯಾಯಿತು. ಕಲಿತೆನಲ್ಲ, ತಿದ್ದಿಕೊಂಡೆನಲ್ಲ ಅಂತ. ನೋಟ್‌ಬುಕ್ ಮುಚ್ಚಿ, "ಈಗ ಹೇಳಿ, ನಿಮಗೆ ಯಾವುದು ಬೇಕು?" ಅಂದೆ.

ಆ ಹೆಂಗಸಿನ ಮುಖ ಬಿಳುಚಿಕೊಂಡಿತು. ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೇನು ತಮ್ಮ ಏನು ಹೇಳಿದರೂ ತಲೆ ಆಡಿಸುತ್ತಾರೆ ಅನ್ನುವಾಗ, ಪಕ್ಕದಲ್ಲಿ ಕೂತಿದ್ದ ಟೈಲರಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು.

"ಟೀಚರೇ, ಡಾಕ್ಟ್ರು ಮೂರು ಬೆರಳು ಎತ್ತಿದ್ರು. ನೀವು ಎರಡೇ ಹೇಳಿದ್ದು."

ಇಲ್ಲಪ್ಪ, ಎಲ್ಲ ಹೇಳಿದ್ದೇನೆ ಅಂತ ನೋಟ್‌ಬುಕ್ ತೆರೆದು ನೋಡಿದೆ. ಪುಟದ ಕೆಳಗೆ ನನ್ನದೇ ಅಕ್ಷರದಲ್ಲಿ ಮೂರನೆಯದ್ದು ಇತ್ತು. ಮುಖ್ಯ ಅಲ್ಲ ಅಂತ ನನಗೇ ತಿಳಿಯದೆ ಬಿಟ್ಟಿದ್ದೆ. ಅಯ್ಯೋ ದೇವರೇ, ಮತ್ತೆ! ಇಷ್ಟೆಲ್ಲ ಆದ ಮೇಲೂ! ಗಟ್ಟಿಯಾಗಿ ಓದಿದೆ: "ಇವತ್ತೇ ಹೇಳಬೇಕು ಅಂತ ಇಲ್ಲ. ಎರಡು ವಾರ ಸಮಯ ತೆಗೆದುಕೊಂಡರೂ ತೊಂದರೆ ಇಲ್ಲ. ಮನೆಗೆ ಹೋಗಿ ಯೋಚಿಸಿ, ಸಂಶಯ ಇದ್ದರೆ ಮತ್ತೆ ಬಂದು ಎಷ್ಟು ಸಲ ಬೇಕಾದರೂ ಕೇಳಬಹುದು."

ಆ ಹೆಂಗಸು ತಲೆಯ ಬಟ್ಟೆ ಸರಿ ಮಾಡಿಕೊಂಡು ಎದ್ದು ನಿಂತರು. "ಹಾಗಾದ್ರೆ ನನಗೆ ಯೋಚಿಸ್ಲಿಕ್ಕುಂಟು" ಅಂದರು. ತಮ್ಮನಿಗೆ, "ನಡಿ, ಮನೆಗೆ ಹೋಗುವ" ಅಂದರು.

ನಾನು ಏನೋ ಹೇಳಲಿಕ್ಕೆ ಅಂತ ಟೈಲರಕ್ಕನ ಕಡೆ ತಿರುಗಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಪರೇಶನಿನ ದಿನ ಅತ್ತವಳಲ್ಲ, ಗುರುಪುರದ ಸೇತುವೆಯ ಮೇಲೆ ಅತ್ತವಳಲ್ಲ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.